ಬಾಯಿ ನನ್ನದು, ಕಿವಿ ಗಿರಣಿಯದು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವುದು ಆಮೇಲೆ. ಮೊದಲು ಕೇಳುವುದು, ಹುಡುಗಿ ಬಾಯಿಯೋ ಕಿವಿಯೋ ಎಂದು. ಹುಡುಗನೂ ಬಾಯಿ, ಹುಡುಗಿಯೂ ಬಾಯಿ ಆಗಿಬಿಟ್ಟರೆ ಉಪ್ಪಿಟ್ಟು ತಿಂದು ಕೈ ತೊಳೆದುಕೊಂಡು ಹೊರಟುಬಿಡುತ್ತಾರೆ. ನಾನು ಬಾಯಿ. ಡಿಗ್ರಿಗೆ ಸೇರಿದ ವರ್ಷ ಫೋನ್ ಕಂಪನಿಯ ಕೌಂಟರಿನಲ್ಲಿ ಡಬ್ಬಿಯೊಳಗೆ ಕೈ ಹಾಕಿ ಚೀಟಿ ಎತ್ತಿದಾಗ ಬಂದದ್ದು ಅದೇ. ಆ ಡಬ್ಬಿಗೂ ನಿನ್ನ ಗುಣ ಗೊತ್ತಾಗಿದೆ ನೋಡು ಎಂದು ಅಮ್ಮ ಕೌಂಟರಿನಲ್ಲೇ ನಕ್ಕಳು.

ಪೂರ್ತಿ ದುಡ್ಡು ಎಣಿಸಿಕೊಟ್ಟು ಕೊಂಡರೆ ಪೂರ್ತಿ ಫೋನು ಸಿಗುತ್ತದೆ. ಮಾತಾಡಲೂಬಹುದು, ಕೇಳಲೂಬಹುದು. ಕರಾರಿನ ಮೇಲೆ ತೆಗೆದುಕೊಂಡರೆ ಕೈಯಿಂದ ಏನೂ ಬೀಳುವುದಿಲ್ಲ, ತಿಂಗಳಿಗೆ ಇಷ್ಟು ಅಂತ ಕಟ್ಟುತ್ತಾ ಐದು ವರ್ಷ ಕಳೆಯುವುದು. ಆದರೆ ಅದು ಅರ್ಧ ಫೋನು. ಬಾಯಿ ಬಂದವರು ಮಾತಾಡಬಹುದು, ಅಷ್ಟೆ. ಕಿವಿ ಬಂದವರು ಕೇಳಬಹುದು, ಅಷ್ಟೆ. ಒಂದು ಬಾಯಿಗೆ ಒಂದು ಕಿವಿಯನ್ನು ಕಂಪನಿಯೇ ಜೋಡಿ ಮಾಡಿ ಕೊಡುತ್ತದೆ. ಹೊರಗಿನವರು ಯಾರೇ ನಮಗೆ ಫೋನು ಮಾಡಿದರೂ ಅದು ಕಿವಿಯ ನಂಬರಿಗೆ ಬರುತ್ತದೆ. ಕಿವಿಯವರು ಕೇಳಿಸಿಕೊಂಡು ಬಂದು ಹೇಳಬೇಕು, ಬಾಯಿಯವರು ಉತ್ತರ ಕೊಡಬೇಕು. ಇಬ್ಬರೂ ಪಕ್ಕಪಕ್ಕ ಕೂತರೆ ಒಂದು ಫೋನು ಆಗುತ್ತದೆ. ಅದಕ್ಕೆಂದೇ ಪ್ರತಿ ಬೀದಿಯ ತುದಿಯಲ್ಲೂ ಇಬ್ಬರು ಕೂರುವಷ್ಟು ಅಗಲದ ಒಂದು ಜೋಡಿಕಟ್ಟೆ ಇದೆ. ಹೀಗೇಕೆ ಎಂದು ಯಾರೂ ಕೇಳುವುದಿಲ್ಲ. ಹಲಸಿನ ಹಣ್ಣಿಗೆ ಮುಳ್ಳೇಕೆ ಎಂದು ಯಾರಾದರೂ ಕೇಳುತ್ತಾರೆಯೇ, ಕೈಗೆ ಎಣ್ಣೆ ಸವರಿಕೊಂಡು ಬಿಡಿಸುತ್ತಾರೆ.

ನನ್ನ ಗೆಳತಿಯರಿಗೆ ಎಂಥೆಂಥ ಕಿವಿಗಳು ಸಿಕ್ಕವು. ಒಬ್ಬಳಿಗೆ ಲೈಬ್ರರಿಯವರು, ಇನ್ನೊಬ್ಬಳಿಗೆ ಎದುರು ಮನೆಯ ನರ್ಸಮ್ಮ. ನನ್ನ ಕಿವಿ ಸಿಕ್ಕಿದ್ದು ಹಿಟ್ಟಿನ ಗಿರಣಿಯ ಹೊಂಬಾಳಮ್ಮನಿಗೆ. ಇಡೀ ಊರಿನಲ್ಲಿ ಕಿವಿಗೆ ಏನೂ ಕೇಳಿಸದ ಜಾಗ ಯಾವುದಾದರೂ ಇದ್ದರೆ ಅದು ಆ ಗಿರಣಿ. ಬೆಳಿಗ್ಗೆ ರಾಗಿ, ಹನ್ನೆರಡರ ಮೇಲೆ ಅಕ್ಕಿ, ಸಂಜೆ ಮೆಣಸಿನಕಾಯಿ. ಬೆಲ್ಟು ಓಡುತ್ತಿದ್ದರೆ ಪಕ್ಕದಲ್ಲಿ ಬಸ್ಸು ಹಾರನ್ ಹೊಡೆದರೂ ಗೊತ್ತಾಗುವುದಿಲ್ಲ. ಅದಕ್ಕೆ ಹೊಂಬಾಳಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಅದು ಗುಂಯ್‌ಗುಟ್ಟಿ ಮೈಗೆ ಕಚಗುಳಿ ಇಟ್ಟ ಕೂಡಲೇ ಗಿರಣಿ ನಿಲ್ಲಿಸಬೇಕು. ಆರಿಸಿದ ಮೇಲೂ ಕಲ್ಲು ಒಂದಷ್ಟು ಹೊತ್ತು ತಿರುಗಿಯೇ ನಿಲ್ಲುವುದು. ಮತ್ತೆ ಹಾಕಿದರೆ ಮೊದಲ ಎರಡು ಹಿಡಿ ತರಿತರಿ ಬರುತ್ತದೆ, ಅದನ್ನು ತಿರುಗಿ ಬೀಸಬೇಕು. ಡಬ್ಬ ಹಿಡಿದು ನಿಂತವರು ಗೊಣಗುತ್ತಿದ್ದರು. ನನಗೆ ಫೋನು ಮಾಡುತ್ತಿದ್ದವರೋ, ನಾಳೆ ಯಾವ ಬಣ್ಣದ ಚೂಡಿದಾರ ಹಾಕಿಕೊಳ್ಳುತ್ತೀಯ ಎಂದು ಕೇಳುವವರು.

ಹೊಂಬಾಳಮ್ಮ ಅದನ್ನೂ ತಂದು ಹೇಳುತ್ತಿದ್ದಳು. ರೆಪ್ಪೆಯ ಮೇಲೆ ರಾಗಿ ಹಿಟ್ಟು, ಮೂಗಿನ ತುದಿಯಲ್ಲಿ ರಾಗಿ ಹಿಟ್ಟು. ನಮ್ಮ ಕಾಲೇಜಿನ ಗೇಟಿಗೆ ಬಂದು ನಿಂತು, ಯಾರೋ ಶಾಲ್ಮಲಿಯಂತೆ, ನಾಳೆ ಹಳದಿ ಹಾಕ್ಕೊಂಡ್ರೆ ನಾನೂ ಹಳದಿ ಅಂದಳು, ಕೊನೆಗೆ ಮೂರು ಸಲ ನಕ್ಕಳು ಎಂದು ನಕ್ಕ ಲೆಕ್ಕವನ್ನೂ ಒಪ್ಪಿಸುತ್ತಿದ್ದಳು. ಕಿವಿಯವರಿಗೆ ಕೌಂಟರಿನಲ್ಲಿ ಮೊದಲ ದಿನ ಹೇಳಿಕೊಡುವುದೇ ಅದು: ಕೇಳಿದ್ದಕ್ಕೆ ಏನೂ ಸೇರಿಸಬಾರದು, ಏನೂ ಬಿಡಬಾರದು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅವಳು ನನ್ನ ನಗು ಮುಗಿಯುವವರೆಗೆ ನಿಂತಿದ್ದು, "ಆಯ್ತಾ? ಹಂಗಾದ್ರೆ ಹೋಗ್ತೀನಿ, ಕೋಡುಬಳೆ ಹಿಟ್ಟು ಕಾಯ್ತಿದೆ" ಎಂದು ತಿರುಗುತ್ತಿದ್ದಳು.

ನಾನು ಅವಳನ್ನು ಹೊಂಬಾಳತ್ತೆ ಎನ್ನುತ್ತಿದ್ದೆ. ಐವತ್ತೈದರ ಮೇಲಿನ ವಯಸ್ಸು, ಗಂಡ ಇಲ್ಲ, ಮಕ್ಕಳಿಲ್ಲ, ಎಡ ಮಂಡಿ ಸ್ವಲ್ಪ ಎಳೆಯುತ್ತಿತ್ತು. ಅವಳಿಗೆ ಅಂತ ಬರುತ್ತಿದ್ದದ್ದು ಒಂದೇ ಫೋನು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಬೆಟ್ಟದ ಆಚೆಯಿಂದ, ಅವಳ ಅಕ್ಕ ದೊಡ್ಡತಾಯಮ್ಮನದು. ಅಕ್ಕ ತಂಗಿಗೆ ಮಾತು ನಿಂತು ಹತ್ತೊಂಬತ್ತು ವರ್ಷವಾಗಿತ್ತು. ಅವರ ಅವ್ವ ತೀರಿಕೊಂಡಾಗ ಮನೆಯಲ್ಲಿದ್ದ ರಾಗಿ ಬೀಸುವ ಕಲ್ಲನ್ನು ಅಕ್ಕ ಯಾರನ್ನೂ ಕೇಳದೆ ಗಾಡಿಗೆ ಹಾಕಿಕೊಂಡು ಹೋದಳಂತೆ. ಆ ಕಲ್ಲು ನಿನ್ನ ಎದೆ ಮೇಲೇ ಇಟ್ಕೋ ಎಂದು ಹೇಳಿ ಕಳಿಸಿ, ಹೊಂಬಾಳಮ್ಮ ಬಳೆ ಮಾರಿ ಮೋಟಾರು ಗಿರಣಿ ಹಾಕಿದಳು. ಊರಿನ ಅರ್ಧ ಜನ ಆ ಸಿಟ್ಟಿನಲ್ಲಿ ಬೀಸಿದ ಹಿಟ್ಟನ್ನೇ ಇಷ್ಟು ವರ್ಷ ಮುದ್ದೆ ಮಾಡಿ ಉಂಡಿದ್ದಾರೆ.

ಎರಡು ವರ್ಷದ ಕೆಳಗೆ ಅಕ್ಕನಿಗೆ ಹೇಗೋ ಈ ನಂಬರು ಸಿಕ್ಕಿತು. ಅಂದಿನಿಂದ ಒಂದು ಬುಧವಾರವೂ ತಪ್ಪಿಲ್ಲ. ಹನ್ನೊಂದಕ್ಕೆ ಗಿರಣಿ ನಿಲ್ಲುತ್ತಿತ್ತು. ಹೊಂಬಾಳಮ್ಮ ಗೋಡೆಯ ಕಡೆ ಮುಖ ಮಾಡಿ ಹತ್ತು ನಿಮಿಷ ಕೇಳಿಸಿಕೊಳ್ಳುತ್ತಿದ್ದಳು. ಇಡುತ್ತಿದ್ದಳು, ಗಿರಣಿ ಹಾಕುತ್ತಿದ್ದಳು. ನನ್ನನ್ನು ಕರೆಯುತ್ತಿರಲಿಲ್ಲ. ಏನಂದರು ಅತ್ತೆ ಎಂದು ಕೇಳಿದರೆ, ಹುರುಳಿ ಬಸ್ಸಾರು ಮಾಡಿದಳಂತೆ, ಹಸು ಗಬ್ಬವಂತೆ, ಪಕ್ಕದ ಮನೆಯವರು ಗೋಡೆ ಎತ್ತರಿಸಿದರಂತೆ ಎನ್ನುವಳು. ಉತ್ತರ ಕೊಡೋಣ ಬನ್ನಿ ಎಂದರೆ, "ಉತ್ತರ ಕೇಳೋ ಅಂಥದ್ದೇನೂ ಹೇಳಿಲ್ಲವಲ್ಲೇ" ಎಂದು ಜರಡಿ ಹಿಡಿಯುವಳು. ಮೂರು ವರ್ಷದಲ್ಲಿ ಅವಳು ನನ್ನ ಬಾಯಿಯನ್ನು ತನಗಾಗಿ ಒಂದು ಸಲವೂ ಬಳಸಲಿಲ್ಲ. ನಾನು ಮಾತ್ರ ಅವಳ ಕಿವಿಯನ್ನು ಸವೆಸಿದ್ದೇ ಸವೆಸಿದ್ದು. ಈ ಎಲ್ಲವನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಬಾಯಿಫೋನಿನಲ್ಲಿ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ, ಅದರಲ್ಲೇ ಇರುತ್ತದೆ. ಬಸ್ಸಾರಿನ ಬುಧವಾರಗಳೂ ಅದರಲ್ಲಿದ್ದವು.

ಕೊನೆಯ ವರ್ಷದ ಪರೀಕ್ಷೆ ಮುಗಿಸಿ ನಾನು ಬೆಟ್ಟದ ಆಚೆಯ ಪಟ್ಟಣದ ಕಣ್ಣಾಸ್ಪತ್ರೆಗೆ ಅರ್ಜಿ ಹಾಕಿದ್ದೆ. ಅಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರು ಬರೆಯುವುದನ್ನು ಕಲಿಸುತ್ತಾರೆ. ಎರಡು ವರ್ಷದ ಕೋರ್ಸು, ಹಾಸ್ಟೆಲ್ಲು, ಮುಗಿದ ಮೇಲೆ ಅವರೇ ಕೆಲಸ ಕೊಡುತ್ತಾರೆ. ಹನ್ನೆರಡು ಸೀಟು. ನಾನು ಚಿಕ್ಕವಳಿದ್ದಾಗ ಕನ್ನಡಕದಂಗಡಿಯಲ್ಲಿ ಅಮ್ಮನಿಗೆ ಬೇರೆ ಬೇರೆ ಗಾಜು ಹಾಕಿ, ಈಗ ಕಾಣುತ್ತಾ, ಈಗ ಕಾಣುತ್ತಾ ಎಂದು ಕೇಳಿದ್ದನ್ನು ನೋಡಿದ್ದೆ. ಒಂದು ಗಾಜಿಗೆ ಅಮ್ಮ ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ, ನಿನ್ನ ಕೆನ್ನೆ ಮೇಲೆ ಮಚ್ಚೆ ಇದೆಯಲ್ಲೇ ಎಂದಳು. ಅವತ್ತಿನಿಂದ ನನಗೆ ಬೇರೆ ಯಾವ ಕೆಲಸವೂ ಬೇಡ ಅನಿಸಿತ್ತು. ತಮಾಷೆ ಮಾಡುತ್ತಾ ತಿರುಗುತ್ತಿದ್ದೆ ನಿಜ. ಆದರೆ ಇದೊಂದನ್ನು ಯಾರ ಹತ್ತಿರವೂ ತಮಾಷೆ ಮಾಡಿಕೊಂಡು ಹೇಳಿರಲಿಲ್ಲ.

ಆ ಶುಕ್ರವಾರ ನಾವು ನಾಲ್ಕು ಜನ ಕಾಲೇಜಿನ ಮುಂದಿನ ಗಾಡಿಯಲ್ಲಿ ಮಾವಿನಕಾಯಿ ತಿನ್ನುತ್ತಿದ್ದೆವು. ರಸ್ತೆಯ ಆ ತುದಿಯಿಂದ "ಕಿವಿ ಬಂತು, ಕಿವಿ ಬಂತು" ಎನ್ನುವ ಸದ್ದು ಎದ್ದಿತು. ಯಾರಾದರೂ ಫೋನನ್ನು ಕಿವಿಗೆ ಒತ್ತಿಕೊಂಡು ಓಡುತ್ತಿದ್ದರೆ ನಮ್ಮೂರಿನಲ್ಲಿ ಬಸ್ಸೂ ಪಕ್ಕಕ್ಕೆ ಸರಿಯಬೇಕು. ಜೀವ ಹಿಡಿದ ಮಾತೊಂದು ಬಾಯಿಯನ್ನು ಹುಡುಕಿಕೊಂಡು ಹೊರಟಿದೆ ಎಂದು ಅರ್ಥ. ಎತ್ತಿನ ಗಾಡಿ ನಿಂತಿತು, ಸೋಡಾ ಗಾಡಿ ಚರಂಡಿಯ ಅಂಚಿಗೆ ಹೋಯಿತು, ಸಾಲು ಸಾಲು ಸೈಕಲ್ಲಿನವರು ಕಾಲೂರಿದರು. ನಡುವೆ ಹೊಂಬಾಳಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಡಗಾಲು ಎಳೆಯುತ್ತಾ, ಮೈಯಿಂದ ಮೆಣಸಿನ ಪುಡಿ ಉದುರಿಸುತ್ತಾ ಓಡಿ ಬರುತ್ತಿದ್ದಳು. ಅವಳು ಹಾದುಹೋದ ಕಡೆಯೆಲ್ಲಾ ಜನ ಸೀನುತ್ತಿದ್ದರು. ನಾನು ನಗಲು ಶುರುಮಾಡಿದ್ದೆ. ಅವಳ ಮುಖ ನೋಡಿ ನಿಲ್ಲಿಸಿದೆ.

ಕಣ್ಣಾಸ್ಪತ್ರೆಯವರು ಮಾಡಿದ್ದರು. ಆ ಹೆಂಗಸಿಗೆ ನಮ್ಮೂರಿನ ಪದ್ಧತಿ ಗೊತ್ತಿಲ್ಲ. ಹಲೋ ಹಲೋ ಎಂದು ಕೂಗಿ, ಸೀಟು ಬೇಕೋ ಬೇಡವೋ ಎಂದು ಕೇಳಿ, ಒಂದು ನಿಮಿಷ ಕಾದು, ಇಲ್ಲವೆಂದರೆ ಮುಂದಿನವರಿಗೆ ಕೊಡುತ್ತೇವೆ ಎಂದಿದ್ದಳಂತೆ. ಹೊಂಬಾಳಮ್ಮ ಮೆಣಸಿನಕಾಯಿ ಬೀಸುತ್ತಿದ್ದ ಗಿರಣಿಯನ್ನು ಅರ್ಧಕ್ಕೇ ನಿಲ್ಲಿಸಿ, ಬಾಗಿಲನ್ನೂ ಎಳೆದುಕೊಳ್ಳದೆ ಓಡಿಬಂದಿದ್ದಳು. ಆದರೆ ಅಷ್ಟು ಹೊತ್ತಿಗೆ ಫೋನು ಕಟ್ಟಾಗಿತ್ತು.

ಜೋಡಿಕಟ್ಟೆಯ ಮೇಲೆ ಕೂತು ನಾನೇ ತಿರುಗಿ ಮಾಡಿದೆ. ನಾನು ನನ್ನ ಫೋನಿಗೆ ಮಾತಾಡುವುದು, ಅವರ ಉತ್ತರ ಅವಳ ಫೋನಿನಲ್ಲಿ ಬೀಳುವುದು, ಅವಳು ಅದನ್ನು ನನಗೆ ಹೇಳುವುದು. ಸಾರ್ ಮೇಡಂ ಎಂದು ಎರಡನ್ನೂ ಸೇರಿಸಿ ಬೇಡಿಕೊಂಡೆ. ಹೊಂಬಾಳಮ್ಮ ಕಣ್ಣು ಮುಚ್ಚಿಕೊಂಡು ಏದುಸಿರಿನ ನಡುವೆ ಒಂದೊಂದೇ ಮಾತು ಒಪ್ಪಿಸಿದಳು. ಸೀಟು ಇನ್ನೂ ಇದೆಯಂತೆ. ಆದರೆ ಮುಂದಿನ ಗುರುವಾರ ಹನ್ನೊಂದಕ್ಕೆ ಫೋನಿನಲ್ಲೇ ಸಂದರ್ಶನವಂತೆ, ಹದಿನೈದು ನಿಮಿಷ. ಪಾಸಾದರೆ ಸೀಟು. ಅಷ್ಟು ಹೇಳಿ ಅವಳು ನಿಂತಳು. ಅವಳ ಫೋನಿನೊಳಗಿಂದ ಸಣ್ಣಗೆ ಗುಣುಗುಣು ಕೇಳುತ್ತಲೇ ಇತ್ತು.

"ಆಮೇಲೆ?" ಎಂದೆ.

"ನಿನ್ನ ಪಕ್ಕ ಯಾರೋ ಮಾತಾಡ್ತಿರೋದು ಅವರಿಗೆ ಕೇಳ್ತಾ ಇದೆಯಂತೆ," ಎಂದಳು ಹೊಂಬಾಳಮ್ಮ. "ಗುರುವಾರ ಪಕ್ಕದಲ್ಲಿ ಯಾರೂ ಇರಬಾರದಂತೆ. ಹೇಳಿಕೊಡೋರು ಇದ್ದಾರೆ ಅಂತ ಗೊತ್ತಾದ್ರೆ ಹೆಸರು ಹೊಡೆದು ಹಾಕ್ತಾರಂತೆ."

ಒಂದಕ್ಷರ ಬಿಡದೆ ಹೇಳಿದಳು. ಬಿಡಬಹುದಿತ್ತು. ಹೇಳದೆ ಇದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಅಂದರೆ ಗುರುವಾರದೊಳಗೆ ನನಗೆ ಪೂರ್ತಿ ಫೋನು ಬೇಕು. ಊರಿನಲ್ಲಿ ಅದಿರುವುದು ಬೆರಳೆಣಿಕೆಯಷ್ಟು ಜನರ ಹತ್ತಿರ, ಅವರದು ಕೇಳಿ ಪ್ರಯೋಜನವಿಲ್ಲ. ಕೊಂಡವರ ದನಿಗೆ ಬಿಟ್ಟು ಬೇರೆಯವರ ದನಿಗೆ ಅದು ಬಗ್ಗುವುದಿಲ್ಲ. ದುಡ್ಡಿಗೆ ತೊಂದರೆಯಿರಲಿಲ್ಲ. ಮೂರು ವರ್ಷ ಸೀರೆಗೆ ಫಾಲ್ಸ್ ಹಾಕಿ ಕೂಡಿಟ್ಟದ್ದಿತ್ತು, ಕಮ್ಮಿ ಬಿದ್ದದ್ದನ್ನು ಅಮ್ಮ ಹಾಕುತ್ತೇನೆ ಎಂದಳು. ತೊಂದರೆ ಇದ್ದದ್ದು ಬೇರೆ ಕಡೆ. ಒಬ್ಬರ ಹತ್ತಿರ ಒಂದೂವರೆ ಫೋನು ಇರುವ ಹಾಗಿಲ್ಲ. ಪೂರ್ತಿ ಕೊಳ್ಳಬೇಕಾದರೆ ಅರ್ಧವನ್ನು ಕಂಪನಿಗೆ ಒಪ್ಪಿಸಬೇಕು. ಕರಾರಿನಲ್ಲಿ ಇನ್ನೂ ಎರಡು ವರ್ಷ ಉಳಿದಿತ್ತು, ನಡುವೆ ಮುರಿಯಬೇಕಾದರೆ ಜೋಡಿಯ ಇನ್ನೊಬ್ಬರು ಒಪ್ಪಿ ಹೆಬ್ಬೆಟ್ಟು ಒತ್ತಬೇಕು. ಮುರಿದ ಮೇಲೆ ಅವರ ಕಿವಿಯೂ ಕಂಪನಿಯ ಕಪಾಟಿಗೆ ಹೋಗುತ್ತದೆ. ಹೊಸದಾಗಿ ಬಾಯಿ ಚೀಟಿ ಎತ್ತುವವರು ಬರುವವರೆಗೆ ಅದು ಅಲ್ಲೇ. ಹೋದ ವರ್ಷ ಪೆಟ್ಟಿಗೆ ಅಂಗಡಿಯ ರಾಯಪ್ಪನ ಕಿವಿ ಎಂಟು ತಿಂಗಳು ಕಪಾಟಿನಲ್ಲಿತ್ತು.

ಎಂಟು ತಿಂಗಳಿಗೆ ಎಷ್ಟು ಬುಧವಾರ ಎಂದು ಫೋನಿನಲ್ಲಿ ಲೆಕ್ಕ ಹಾಕಿದೆ. ಮೂವತ್ತೈದು ಬಂತು.

ಶನಿವಾರ ಕೇಳೋಣ ಎಂದು ಗಿರಣಿಗೆ ಹೋದೆ, ಎರಡು ಸೇರು ಗೋಧಿ ಬೀಸಿಸಿಕೊಂಡು ಬಂದೆ. ಭಾನುವಾರ ಹೋದೆ, ಅಕ್ಕಿ ಬೀಸಿಸಿಕೊಂಡು ಬಂದೆ. ಸೋಮವಾರ ಕಡಲೆ ಬೇಳೆ. ಮಂಗಳವಾರ ಅಮ್ಮ, ಇನ್ನು ಮನೆಯಲ್ಲಿ ಬೀಸಿಸುವುದಕ್ಕೆ ನಾನೊಬ್ಬಳೇ ಉಳಿದಿರೋದು ಎಂದಳು. ಎಲ್ಲರ ಮುಂದೆ ಬಾಯಿ ಬಡಿದುಕೊಳ್ಳುವ ನನಗೆ ಗಿರಣಿಯ ಬಾಗಿಲಿಗೆ ಹೋದರೆ ನಾಲಿಗೆ ಏಳುತ್ತಿರಲಿಲ್ಲ.

ಬುಧವಾರ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬರಿಗೈಯಲ್ಲಿ ಹೋದೆ. ಸಾಲಿನಲ್ಲಿ ಆರು ಜನ ಡಬ್ಬ ಹಿಡಿದು ನಿಂತಿದ್ದರು. ಹೊತ್ತಿಗೆ ಸರಿಯಾಗಿ ಗಿರಣಿ ನಿಂತಿತು. ಹೊಂಬಾಳಮ್ಮ ಗೋಡೆಯ ಕಡೆ ತಿರುಗಿದಳು. ಆ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದ ಒಂದು ನಂಬರಿತ್ತು, ಅಕ್ಕನದು. ಕೆಳಗೆ ಹೆಸರಿಲ್ಲ. ಎರಡು ವರ್ಷದ ಹಿಟ್ಟು ಅದರ ಮೇಲೆ ಕೂತಿತ್ತು, ಅಂಕಿಗಳನ್ನು ಮಾತ್ರ ಯಾರೋ ಆಗಾಗ ತಿದ್ದಿದ ಹಾಗಿತ್ತು. ಅವಳು ಕೇಳುತ್ತಾ ನಿಂತಳು. ನಾನು ಪಕ್ಕಕ್ಕೆ ಹೋಗಿ ನನ್ನ ಫೋನನ್ನು ಅವಳ ಮುಂದೆ ಹಿಡಿದೆ. ಇವತ್ತು ಬಾಯಿ ಇದೆ ಅತ್ತೆ, ಒಂದು ಮಾತು ಆಡಿ ಎಂದು ಸನ್ನೆ ಮಾಡಿದೆ. ಅವಳು ಬೇಡವೆಂದು ಕೈ ಆಡಿಸಿದಳು. ಹತ್ತು ನಿಮಿಷವಾದ ಮೇಲೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹತ್ತೊಂಬತ್ತು ವರ್ಷ ಇಬ್ಬರಿಗೂ ಬಾಯಿ ಇತ್ತು," ಎಂದಳು. "ಏನು ಕಿಸಿದ್ವಿ? ಈಗ ನಾನು ಬಾಯಿ ಬಿಟ್ರೆ ಮೂರನೇ ಮಾತಿಗೆ ಕಲ್ಲು ಬರುತ್ತೆ. ನಾಲ್ಕನೇ ಮಾತಿಗೆ ಅವಳು ಇಡ್ತಾಳೆ. ಹಿಂಗೇ ಇರ್ಲಿ. ಅವಳು ಹೇಳ್ತಾಳೆ, ನಾನು ಕೇಳ್ತೀನಿ."

ಅವಳು ಸಾಲಿನಲ್ಲಿದ್ದವರ ಕಡೆ ನೋಡಿ, ಮಧ್ಯಾಹ್ನ ಬನ್ನಿ ಎಂದು ಹೇಳಿ, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೊಡವಿದಳು.

"ನಡಿ ಕಂಪನಿಗೆ. ಹೆಬ್ಬೆಟ್ಟು ತಾನೆ ಬೇಕಾಗಿರೋದು? ಐದು ದಿನದಿಂದ ನಿಮ್ಮಮ್ಮನ ಸಾಮಾನೆಲ್ಲ ಹಿಟ್ಟು ಮಾಡಿಬಿಟ್ಟೆ. ಪಕ್ಕದಲ್ಲಿ ಯಾರೂ ಇರಬಾರದು ಅಂದಿದ್ದು ನಂಗೆ ಮರೆತುಹೋಯ್ತು ಅಂದ್ಕೊಂಡ್ಯಾ? ನಾನೇ ಅಲ್ವಾ ನಿನಗೆ ಹೇಳಿದ್ದು?"

ಕಂಪನಿಯ ಕೌಂಟರಿನಲ್ಲಿ ಮಲ್ಲೇಶಣ್ಣ ಇದ್ದ. ಕರಾರಿನ ಕಾಗದ ಹುಡುಕಿ ತೆಗೆದು, ಹೊಂಬಾಳಮ್ಮನ ಮುಂದೆ ಶಾಯಿಯ ಡಬ್ಬಿ ಇಟ್ಟ. ಅವಳು ಶಾಯಿಗೆ ಒತ್ತುವ ಮೊದಲೇ ಹೆಬ್ಬೆರಳು ಕಾಗದಕ್ಕೆ ತಾಗಿ ರಾಗಿ ಹಿಟ್ಟಿನ ಒಂದು ಗುರುತು ಬಿತ್ತು. ಇದೇ ಸಾಕು ಬಿಡಮ್ಮ, ಊರಿಗೆಲ್ಲ ಗೊತ್ತಿರೋ ಬೆರಳು ಎಂದ ಮಲ್ಲೇಶಣ್ಣ. ಆಮೇಲೆ ಪದ್ಧತಿಯ ಪ್ರಕಾರ ನನ್ನ ಬಾಯಿಫೋನನ್ನು ಅವಳ ಕೈಗೆ ಕೊಟ್ಟ. ಜೋಡಿ ಮುರಿಯುವಾಗ ಬಾಯಿಯ ಕೊನೆಯ ಮಾತು ಕಿವಿಯವರಿಗೆ ಸೇರಬೇಕು. ಅಷ್ಟು ವರ್ಷ ಬೇರೆಯವರ ಮಾತು ಹೊತ್ತದ್ದಕ್ಕೆ ಅದೊಂದು ಮರ್ಯಾದೆ. ಯಾರಿಗೆ ಬೇಕಾದರೂ ಮಾಡಬಹುದು, ಎಷ್ಟು ಹೊತ್ತು ಬೇಕಾದರೂ ಆಡಬಹುದು. ಕೆಲವರು ಅತ್ತುಬಿಡುತ್ತಾರೆ. ಮಲ್ಲೇಶಣ್ಣ ಅದಕ್ಕೆಂದೇ ಒಂದು ಸ್ಟೂಲು ಇಟ್ಟಿದ್ದಾನೆ.

ಹೊಂಬಾಳಮ್ಮ ಸ್ಟೂಲಿನ ಮೇಲೆ ಕೂತಳು. ಫೋನನ್ನು ಎರಡು ಸಲ ತಿರುಗಿಸಿ ನೋಡಿದಳು. ಆಮೇಲೆ ಕೌಂಟರಿನ ಮೇಲಿಟ್ಟಳು.

"ಈಗ ಬೇಡ. ಬಾಕಿ ಬರ್ಕೊ."

"ಮಾತು ಬಾಕಿ ಇಟ್ಕೊಳ್ಳೋ ಪದ್ಧತಿ ಇಲ್ಲ ಹೊಂಬಾಳಮ್ಮ."

"ನಿಮ್ಮನೆ ರಾಗಿ ಯುಗಾದಿಯಿಂದ ಬಾಕೀಲೇ ಬೀಸ್ತಿದ್ದೀನಿ. ಅದು ಯಾವ ಪದ್ಧತಿ?"

ಮಲ್ಲೇಶಣ್ಣ ನನ್ನ ಮುಖ ನೋಡಿ, ಪುಸ್ತಕ ತೆಗೆದು, ಆ ಫೋನಿನ ನಂಬರಿನ ಮುಂದೆ, ಬಾಕಿ ಒಂದು ಮಾತು, ಮುಂದೆ ಯಾರಿಗೆ ಹೋದರೂ ಕೊಡತಕ್ಕದ್ದು ಎಂದು ಬರೆದುಕೊಂಡ. ಆಮೇಲೆ ನನ್ನ ಫೋನಿನ ಒಳಗಿದ್ದದ್ದನ್ನೆಲ್ಲ ಒಂದು ಗುಂಡಿ ಒತ್ತಿ ಅಳಿಸಿದ. ಮೂರು ವರ್ಷ ಬರೆದದ್ದು, ಹಳದಿ ಚೂಡಿದಾರವೂ ಬಸ್ಸಾರೂ ಸೇರಿ, ಒಂದು ಉಸಿರಿನಲ್ಲಿ ಹೋಯಿತು. ನಮ್ಮ ಎರಡು ಅರ್ಧಗಳನ್ನೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟು ಬೀಗ ಹಾಕಿದ. ಹೊಂಬಾಳಮ್ಮ ಬೀಗ ಎಳೆದು ನೋಡಿ, ಗಿರಣಿಗೆ ಹೊರಟಳು.

ಪೂರ್ತಿ ಫೋನು ಹೊಳೆಯುತ್ತಿತ್ತು. ಅದರಲ್ಲಿ ಮೊದಲ ಸಲ ಗೆಳತಿಯ ದನಿ ನನ್ನ ಕಿವಿಯೊಳಗೇ ಬಂದಾಗ ಮೈ ಜುಂ ಎಂದಿತು, ಯಾರೋ ಹೆಗಲ ಮೇಲೆ ಗಲ್ಲ ಊರಿ ಮಾತಾಡಿದ ಹಾಗೆ. ಗುರುವಾರ ಹನ್ನೊಂದಕ್ಕೆ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಅವರು ಕೇಳಿದ್ದಕ್ಕೆಲ್ಲ ಗೊತ್ತಿತ್ತು. ಕಷ್ಟವಾದದ್ದು ಬೇರೆ. ಒಂದು ಉತ್ತರ ಹೇಳಿ ಮುಗಿದ ಕೂಡಲೇ ನನ್ನ ತಲೆ ತಾನಾಗಿ ಎಡಕ್ಕೆ ತಿರುಗುತ್ತಿತ್ತು, ಹೊಂಬಾಳತ್ತೆ ಏನು ಹೇಳುತ್ತಾಳೆ ಎಂದು ಕಾಯುತ್ತಿತ್ತು. ಎಡಗಡೆ ಅಮ್ಮನ ಹೊಲಿಗೆ ಮಿಷನ್ನಿತ್ತು. ಅಷ್ಟರಲ್ಲಿ ಫೋನಿನೊಳಗಿನವರು, ಇದ್ದೀರಾ, ಇದ್ದೀರಾ ಎನ್ನುತ್ತಿದ್ದರು. ಇದ್ದೀನಿ ಮೇಡಂ, ಹುಡುಕ್ತಾ ಇದ್ದೆ ಎಂದೆ ಒಂದು ಸಲ. ಅವರು ನಕ್ಕರು. ನಾನು ಯಾಕೆ ಈ ಕೆಲಸಕ್ಕೆ ಬರುತ್ತೇನೆ ಎಂದು ಕೇಳಿದಾಗ ಅಮ್ಮ ಮಚ್ಚೆ ಕಂಡ ಕಥೆ ಹೇಳಿದೆ. ಹದಿನೈದು ನಿಮಿಷ ಮುಗಿಯುವಷ್ಟರಲ್ಲಿ ಸೀಟು ಸಿಕ್ಕಿತು. ಮೂರು ವಾರದಲ್ಲಿ ಹಾಸ್ಟೆಲ್ಲಿಗೆ ಬರಬೇಕೆಂದರು.

ಕುಣಿದಾಡಿದೆ. ಎಲ್ಲರಿಗೂ ಫೋನು ಮಾಡಿದೆ. ಮನೆಯಲ್ಲೇ ಕೂತು ಮಾಡಿದೆ, ಕೂತಲ್ಲೇ ಕೇಳಿದೆ, ಮುಗಿಯಿತು. ಸಂಜೆ ಅಮ್ಮ ಹೊರಗೆ ಹೋಗಿ ಬಂದು, ಬೀದಿಯಲ್ಲಿ ಯಾರಿಗೂ ಗೊತ್ತೇ ಇಲ್ಲವಲ್ಲೇ ನಿನ್ನ ಸೀಟಿನ ವಿಷಯ ಎಂದಳು. ಅರ್ಧ ಫೋನಿನವರ ಸುದ್ದಿ ಬೀದಿಯ ಮೇಲೆ ಓಡುತ್ತದೆ. ಪೂರ್ತಿ ಫೋನಿನವರ ಸುದ್ದಿ ಕೋಣೆಯಲ್ಲಿ ಹುಟ್ಟಿ ಕೋಣೆಯಲ್ಲೇ ಉಳಿಯುತ್ತದೆ. ಹೊಂಬಾಳತ್ತೆಗೆ ಹೇಳಲು ನಾನೇ ನಡೆದುಕೊಂಡು ಹೋಗಬೇಕಾಯಿತು. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು, ಕೂದಲೆಲ್ಲ ಹಿಟ್ಟಾಯಿತು.

ಮುಂದಿನ ಬುಧವಾರ ಹಾಸ್ಟೆಲ್ಲಿಗೆ ಬಕೆಟ್ಟು ಕೊಳ್ಳಲು ಪೇಟೆಗೆ ಹೋಗಿದ್ದೆ. ಗಿರಣಿಯ ಮುಂದೆ ಹಾದುಹೋಗುವಾಗ ಸದ್ದು ನಿಂತಿತು. ತಿರುಗಿ ನೋಡಿದೆ. ಸಾಲಿನಲ್ಲಿ ಜನ ಡಬ್ಬ ಹಿಡಿದು ನಿಂತಿದ್ದರು. ಹೊಂಬಾಳಮ್ಮ ಗೋಡೆಯ ಕಡೆ ಮುಖ ಮಾಡಿ, ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಸೊಂಟದಲ್ಲಿ ಏನೂ ಇರಲಿಲ್ಲ. ಸಾಲಿನಲ್ಲಿ ಯಾರೂ ಗೊಣಗಲಿಲ್ಲ. ಹತ್ತು ನಿಮಿಷವಾದ ಮೇಲೆ ಅವಳು ತಿರುಗಿ ಗಿರಣಿ ಹಾಕಿದಳು. ಮೊದಲ ಎರಡು ಹಿಡಿ ತರಿಯಾಗಿ ಬಂದಿರಬೇಕು, ತಿರುಗಿ ಸುರಿದಳು.

ನಾನು ಬಕೆಟ್ಟನ್ನು ಕೆಳಗಿಟ್ಟು, ಗೋಡೆಯ ಮೇಲಿನ ಆ ನಂಬರನ್ನು ಬಾಗಿಲಿನ ಆಚೆಯಿಂದಲೇ ಓದಿಕೊಂಡೆ. ಬೀದಿಯ ತುದಿಯ ಜೋಡಿಕಟ್ಟೆಯ ಮೇಲೆ ಒಬ್ಬಳೇ ಕೂತು ಒತ್ತಿದೆ. ಎತ್ತಿದ ದನಿ ಹೊಂಬಾಳತ್ತೆಯ ದನಿಯ ಹಾಗೇ ಇತ್ತು, ಸ್ವಲ್ಪ ಹಳೆಯದು, ಅಷ್ಟೆ. ಯಾರು ಎಂದು ಕೇಳಿತು. ಗಿರಣಿ ಹೊಂಬಾಳಮ್ಮನ ಕಡೆಯವಳು, ಇಂಚರ ಅಂತ ಎಂದೆ.

"ಹನ್ನೊಂದಕ್ಕೆ ಮಾಡಿದ್ದೆ ಮಗಾ, ಆ ನಂಬರು ಇಲ್ಲ ಅಂತು," ಎಂದಳು ದೊಡ್ಡತಾಯಮ್ಮ. "ಎರಡು ವರ್ಷ ಒಂದು ದಿನಾನೂ ಹೂಂ ಅನ್ನಲಿಲ್ಲ. ಸಿಟ್ಟು ಇಳೀಲಿ ಅಂತ ನಾನೂ ಬಡ್ಕೊಂಡೆ. ಕೊನೆಗೆ ಕಿತ್ತೇ ಹಾಕಿದಳು ಅನ್ನು."

ಆಗ ನನಗೆ ಹೊಳೆಯಿತು. ಬೆಟ್ಟದ ಆಚೆಯವರಿಗೆ ನಮ್ಮ ಅರ್ಧ ಫೋನು ಗೊತ್ತಿಲ್ಲ. ಎರಡು ವರ್ಷ ಆ ಹೆಂಗಸು, ತಂಗಿ ಮುನಿಸಿಗೆ ಬಾಯಿ ಬಿಡುತ್ತಿಲ್ಲ ಎಂದುಕೊಂಡೇ ಮಾತಾಡಿದ್ದಳು. ಇಲ್ಲ ದೊಡ್ಡಮ್ಮ, ಅವರ ಫೋನಿಗೆ ಬಾಯಿ ಇರಲಿಲ್ಲ, ಕಿವಿ ಮಾತ್ರ ಎಂದೆ. ನನ್ನ ಬಾಯಿ ಇತ್ತಲ್ಲ ಎನ್ನುವುದನ್ನು ಹೇಳಲಿಲ್ಲ. ಕಿವಿಯವರಿಗೆ ಬಿಡುವ ಹಾಗಿಲ್ಲ, ಬಾಯಿಯವರಿಗೆ ಅಂಥ ನಿಯಮವೇನೂ ಇಲ್ಲ. ಈಗ ಆ ಕಿವಿ ನನ್ನಿಂದಾಗಿ ಕಪಾಟಿನಲ್ಲಿದೆ, ಯಾರಾದರೂ ಹೊಸಬರು ಬಂದ ಮೇಲೆ ಬರುತ್ತದೆ, ಅಲ್ಲಿಯವರೆಗೆ ಬೇಜಾರು ಮಾಡಿಕೊಳ್ಳಬೇಡಿ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನ ಬಾಯಿ ನಿಲ್ಲುವುದೇ? ಹುರುಳಿ ಬಸ್ಸಾರಿನಿಂದ ಶುರು ಮಾಡಿ ಪಕ್ಕದ ಮನೆಯ ಗೋಡೆಯವರೆಗೆ ನನಗೆ ನೆನಪಿದ್ದದ್ದನ್ನೆಲ್ಲ ಹೇಳಿಬಿಟ್ಟೆ. ಗೋಡೆಯ ಮೇಲೆ ಇದ್ದಲಿನ ನಂಬರನ್ನು ತಿದ್ದಿ ತಿದ್ದಿ ಇಟ್ಟಿದ್ದಾರೆ ಎಂದೆ. ಆರು ಜನ ಸಾಲಿನಲ್ಲಿದ್ದರೂ ಬುಧವಾರ ಹನ್ನೊಂದಕ್ಕೆ ಗಿರಣಿ ನಿಲ್ಲುತ್ತದೆ, ಇವತ್ತೂ ನಿಂತಿತ್ತು ಎಂದೆ.

"ಇವತ್ತೂನಾ?" ಎಂದಳು ದೊಡ್ಡತಾಯಮ್ಮ. "ಫೋನೇ ಇಲ್ಲ ಅಂದ್ಯಲ್ಲ."

"ಇಲ್ಲ. ಸುಮ್ನೆ ನಿಂತಿದ್ರು."

ಆ ಕಡೆಯಿಂದ ಏನೂ ಬರಲಿಲ್ಲ. ಪೂರ್ತಿ ಫೋನಿನಲ್ಲಿ ಮಾತಿಲ್ಲದಿರುವುದೂ ಕೇಳಿಸುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಆಮೇಲೆ ಅವಳು ಇಟ್ಟಳು.

ಹೊಂಬಾಳತ್ತೆಗೆ ನಾನು ಇದನ್ನು ಹೇಳಲಿಲ್ಲ. ಅವಳು ಕಲ್ಲಿನ ಹೆದರಿಕೆಗೆ ಎರಡು ವರ್ಷ ಕಟ್ಟಿಕೊಂಡಿದ್ದ ಬಾಯಿಯನ್ನು ನಾನು ಹತ್ತು ನಿಮಿಷದಲ್ಲಿ ಬಿಚ್ಚಿಟ್ಟು ಬಂದಿದ್ದೆ. ಹಾಸ್ಟೆಲ್ಲಿಗೆ ಹೊರಟ ದಿನ ಅವಳು ಬಸ್‌ಸ್ಟ್ಯಾಂಡಿಗೆ ಹುರಿಹಿಟ್ಟಿನ ಡಬ್ಬ ತಂದು ಕೊಟ್ಟಾಗಲೂ ಬರೀ ನಕ್ಕೆ. ಇಲ್ಲಿಗೆ ಬಂದ ಮೇಲೆ ದಿನಕ್ಕೆ ನಲವತ್ತು ಕಣ್ಣು ನೋಡುವುದು, ಈಗ ಕಾಣುತ್ತಾ, ಈಗ ಕಾಣುತ್ತಾ. ಊರಿನ ಸುದ್ದಿ ಅಮ್ಮನಿಂದ ಬರುತ್ತಿತ್ತು. ಮಲ್ಲಿಗೆ ಮಾರುವ ಸಣ್ಣಯ್ಯ ಕೊನೆಗೂ ಕರಾರು ಮಾಡಿಸಿಕೊಂಡನಂತೆ, ಚೀಟಿ ಎತ್ತಿದರೆ ಬಾಯಿ ಬಂತಂತೆ, ಕಪಾಟಿನಲ್ಲಿದ್ದ ಜೋಡಿಯನ್ನು ಹಾಗೇ ಇಳಿಸಿ ಹೊಂಬಾಳಮ್ಮನಿಗೆ ಕಟ್ಟಿದರಂತೆ. ನಾಲ್ಕೇ ತಿಂಗಳಿಗೆ. ನನಗೆ ಒಂದು ಸಲ ಉಸಿರು ಸಲೀಸಾಯಿತು.

ಮೊನ್ನೆ ಬುಧವಾರ ಹನ್ನೊಂದೂವರೆಗೆ ಕ್ಲಾಸಿನಿಂದ ಹೊರಗೆ ಬಂದಾಗ ಫೋನು ಬಡಿದುಕೊಂಡಿತು. ನೋಡಿದರೆ ನಂಬರು ನನ್ನದೇ. ಮೂರು ವರ್ಷ ನಾನು ಎಲ್ಲರಿಗೂ ಮಾಡಿದ ನನ್ನ ಹಳೆಯ ನಂಬರು. ಎತ್ತಿದೆ. ಸಣ್ಣಯ್ಯ ದೂರದಿಂದ, ಇದನ್ನ ಬಾಯಿ ಹತ್ರ ಹಿಡ್ಕೊಳಮ್ಮ, ಕಿವಿ ಹತ್ರ ಅಲ್ಲ ಎನ್ನುತ್ತಿದ್ದ. ಆಮೇಲೆ ಹತ್ತಿರದಲ್ಲಿ ಒಂದು ಕೆಮ್ಮು.

"ಇಂಚರಾ, ನಾನು. ಬಾಕಿ ತೀರಿಸ್ಕೊಳ್ತಾ ಇದ್ದೀನಿ."

ಅತ್ತೆ ಎಂದೆ. ಮೂರು ವರ್ಷ ಅವಳ ಬಾಯಿಂದ ಊರಿನವರೆಲ್ಲರ ಫೋನಿನ ಮಾತು ಕೇಳಿದ್ದೆ, ಅವಳ ದನಿಯನ್ನು ಫೋನಿನಲ್ಲಿ ಕೇಳಿರಲಿಲ್ಲ.

"ನೀನು ಮಾತಾಡಬೇಡ. ನನ್ನ ಮಾತು ಮುಗೀಲಿ. ಏನು ಹೇಳಿದ್ದೀಯ ನೀನು ನಮ್ಮಕ್ಕನಿಗೆ? ನಿನ್ನ ಬಿಟ್ರೆ ಬಾಯಿ ಬಿಡೋರು ಇನ್ಯಾರಿದ್ದಾರೆ? ಬೆಳಿಗ್ಗೆ ಲಾರಿ ಬಂತು. ಹುಲ್ಲು ಸುತ್ತಿ ಕಲ್ಲು ಇಳಿಸಿ ಹೋದ್ರು. ನಮ್ಮವ್ವನ ಕಲ್ಲು. ಈ ಗಿರಣಿಯೊಳಗೆ ಎಲ್ಲಿಡ್ಲಿ ನಾನು ಅದನ್ನ? ಡಬ್ಬದವರೆಲ್ಲ ಎಡವ್ತಿದ್ದಾರೆ. ಹನ್ನೊಂದಕ್ಕೆ ಫೋನು ಮಾಡಿದಳು. ಎರಡು ವರ್ಷ ಮಾತಾಡ್ತಿದ್ದವಳು ಇವತ್ತು ಏನೂ ಮಾತಾಡಲಿಲ್ಲ. ಸುಮ್ನೆ ಇದ್ದಳು. ಬಂತಾ ಅಂತಾನೂ ಕೇಳಲಿಲ್ಲ. ನಾನೂ ಕೇಳ್ತಾ ನಿಂತಿದ್ದೆ."

ದನಿ ಸ್ವಲ್ಪ ನಿಂತಿತು. ನನ್ನ ತಲೆ ಎಡಕ್ಕೆ ತಿರುಗಿತು. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡವರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು.

"ಮತ್ತೆ ಅವರಿಗೆ ಏನಾದ್ರೂ ಹೇಳಿದ್ರಾ ಅತ್ತೆ?"

"ಮಾತಾಡಬೇಡ ಅಂದೆನಲ್ಲ. ಇದ್ದದ್ದು ಒಂದು ಮಾತು, ನಿನಗೆ ಕೊಟ್ಟುಬಿಟ್ಟೆ. ಅವಳಿಗೆ ಇನ್ಮೇಲೆ ಸಣ್ಣಯ್ಯ ಹೇಳ್ತಾನೆ, ದಿನಾ ಮಲ್ಲಿಗೆ ಕೂಗಿ ಕೂಗಿ ಗಂಟಲು ಚೆನ್ನಾಗಿ ಪಳಗಿದೆ. ಕೇಳು ಈಗ."

ಆಮೇಲೆ ಮಾತಿರಲಿಲ್ಲ. ಗಿರಣಿಯ ಸದ್ದೂ ಇರಲಿಲ್ಲ, ಹನ್ನೊಂದೂವರೆಯಾದರೂ ನಿಲ್ಲಿಸಿಯೇ ಇಟ್ಟಿದ್ದಳು. ಡಬ್ಬ ಹಿಡಿದವರ ಪಿಸುಮಾತು ಕೇಳಿಸಿತು. ಕಾಳು ಸುರಿದ ಸದ್ದು, ಒಂದು ಹಿಡಿ, ಇನ್ನೊಂದು ಹಿಡಿ. ಮರದ ಗೂಟ ಕೈಯಲ್ಲಿ ಒಮ್ಮೆ ಕಿರುಗುಟ್ಟಿತು. ಕಲ್ಲು ಕಲ್ಲಿನ ಮೇಲೆ ಮೊದಲು ತಡೆದು ತಡೆದು, ಆಮೇಲೆ ಒಂದೇ ಸಮನೆ ಗರಗರ ತಿರುಗತೊಡಗಿತು.

ಊರಿನಲ್ಲಿ ಬಾಯಿ ಚೀಟಿ ಎತ್ತಿದ್ದ ನಾನು ಪಡಸಾಲೆಯ ಗೋಡೆಯ ಕಡೆ ಮುಖ ಮಾಡಿ, ಫೋನನ್ನು ಕಿವಿಗೆ ಒತ್ತಿಕೊಂಡು, ಮುಂದಿನ ಕ್ಲಾಸಿನ ಗಂಟೆ ಹೊಡೆದರೂ ಹಾಗೇ ನಿಂತಿದ್ದೆ.